ಗರ್ಭ ನಿಲ್ಲುವುದಕ್ಕೂ ಮುಂಚಿನ ಮೂರು ತಿಂಗಳು

(ಸಂಘದ ವಾರ್ಷಿಕ ಸಮಾವೇಶದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ವಹಿಸಿಕೊಟ್ಟ ವಿಷಯ ಗರ್ಭಿಣಿಯರ ಆರೋಗ್ಯ. ಆದರೆ ನಾನು ಗರ್ಭಿಣಿಯಾದ ಮೇಲಿನ ಮಾತುಗಳನ್ನು ಕಡಿಮೆ ಮಾಡಿ, ಗರ್ಭಿಣಿಯಾಗುವುದಕ್ಕೂ ಮುಂಚಿನ ಮಾತುಗಳನ್ನು ಹೆಚ್ಚು ಹೇಳಬೇಕೆಂದಿದ್ದೇನೆ. ಇದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಸೊಸೆ ಬಸುರಿಯೆಂದು ತಿಳಿದ ದಿನದಿಂದ ಆರೈಕೆ ಶುರುವಾಗುತ್ತದೆ. ಹಾಲು ಬರುತ್ತದೆ, ಹಣ್ಣು ಬರುತ್ತದೆ, ಆಸ್ಪತ್ರೆಯ ಕಾರ್ಡು ಆಗುತ್ತದೆ. ಇವೆಲ್ಲ ಬೇಕಾದದ್ದೇ. ಆದರೆ ಅಷ್ಟರಲ್ಲಿ ಮಗುವಿನ ದೇಹದ ಕೆಲವು ಮುಖ್ಯ ಭಾಗಗಳು ರೂಪುಗೊಂಡು ಮುಗಿದಿರುತ್ತವೆ. ಹೊಲಕ್ಕೆ ಗೊಬ್ಬರ ಹಾಕುವುದು ಬಿತ್ತನೆಗೆ ಮೊದಲು. ಪೈರು ಮೊಳಕೆಯೊಡೆದ ಮೇಲೆ ಮಣ್ಣು ಹದ ಮಾಡುತ್ತೇನೆಂದರೆ ಆಗುವುದಿಲ್ಲ. ರೈತರಿಗೆ ಗೊತ್ತಿರುವ ಈ ಸತ್ಯ ನಮ್ಮ ಮದುವೆ ಮನೆಗಳಿಗೆ ಇನ್ನೂ ತಲುಪಿಲ್ಲ.

ಮದುವೆಯಾಗದ ವಿದ್ಯಾರ್ಥಿಗಳಿಗೆ ಈ ವಿಷಯ ಯಾಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಮದುವೆ ನಿಶ್ಚಯವಾದ ಮೇಲೆ ಕೇಳಲು ಪುರುಸೊತ್ತಿರುವುದಿಲ್ಲ, ಮದುವೆಯಾದ ಮೇಲೆ ಕೇಳಲು ನಾಚಿಕೆ. ಆದ್ದರಿಂದ ಓದುವ ವಯಸ್ಸಿನಲ್ಲಿ, ಪಾಠದ ಹಾಗೆ ತಿಳಿದುಕೊಳ್ಳುವುದೇ ಒಳ್ಳೆಯದು. ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ.

ಮೊದಲ 28 ದಿನ

ಗರ್ಭ ಕಟ್ಟಿದ ನಂತರ 28 ದಿನಗಳ ಒಳಗೆ ಮಗುವಿನ ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನರನಾಳ ಮುಚ್ಚಿಕೊಳ್ಳಬೇಕು. ಚಪ್ಪಟೆಯಾದ ಒಂದು ಹಾಳೆಯನ್ನು ಸುರುಳಿ ಸುತ್ತಿ ಅಂಚು ಕೂಡಿಸಿದ ಹಾಗೆ ಅದು ಮುಚ್ಚಿಕೊಳ್ಳುತ್ತದೆ. ಕೆಳಗೆ ತೆರೆದು ಉಳಿದರೆ ಮಗು ಬೆನ್ನಿನಲ್ಲಿ ಗಂಟಿನೊಂದಿಗೆ ಹುಟ್ಟುತ್ತದೆ, ಕಾಲುಗಳಲ್ಲಿ ಶಕ್ತಿ ಇಲ್ಲದಿರಬಹುದು, ಮಲಮೂತ್ರದ ಹಿಡಿತ ತಪ್ಪಬಹುದು. ಮೇಲೆ ತೆರೆದು ಉಳಿದರೆ ತಲೆಬುರುಡೆಯೇ ಬೆಳೆಯುವುದಿಲ್ಲ, ಅಂಥ ಮಗು ಬದುಕುವುದಿಲ್ಲ.

ಈ 28 ದಿನಗಳ ಲೆಕ್ಕವನ್ನು ಸ್ವಲ್ಪ ಗಮನಿಸಿ. ಮುಟ್ಟು ತಪ್ಪಿತೆಂದು ಹೆಣ್ಣುಮಗಳಿಗೆ ತಿಳಿಯುವ ಹೊತ್ತಿಗೆ ಸುಮಾರು 14 ದಿನ ಕಳೆದಿರುತ್ತದೆ. ಇನ್ನೂ ಎರಡು ವಾರ ನೋಡೋಣ ಎಂದು ಕಾದರೆ ನರನಾಳ ಮುಚ್ಚುವ ಸಮಯ ಮುಗಿದೇ ಹೋಯಿತು. ಮೂರನೇ ತಿಂಗಳಲ್ಲಿ ಆಸ್ಪತ್ರೆಗೆ ಬಂದು ಮಾತ್ರೆ ಬರೆಸಿಕೊಂಡರೆ ಬೇರೆ ಉಪಯೋಗವುಂಟು, ಈ ಒಂದು ದೋಷಕ್ಕೆ ಮಾತ್ರ ಅದು ತಡವಾದ ಔಷಧ.

ಇದಕ್ಕೆ ಬೇಕಾದ ವಸ್ತು ಫೋಲಿಕ್ ಆಸಿಡ್ ಎಂಬ ಜೀವಸತ್ವ. ಇದರ ಕಥೆಗೆ ನಮ್ಮ ದೇಶದ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್‌ನಿಂದ ತೆಗೆದ ಅಗ್ಗದ ಸಾರವೊಂದನ್ನು ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ಅಂಶವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಎಂಬ ಹೆಸರು ಬಂತು. ಮುಂದೆ 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲ ಹೊರಬಂತು. ಮೊದಲೊಮ್ಮೆ ಇಂಥ ದೋಷದ ಮಗುವನ್ನು ಹೊತ್ತಿದ್ದ ತಾಯಂದಿರು ಗರ್ಭ ಧರಿಸುವುದಕ್ಕೆ ಮೊದಲೇ ಫೋಲಿಕ್ ಆಸಿಡ್ ಸೇವಿಸಿದಾಗ, ದೋಷ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು.

ಸಾಮಾನ್ಯ ಆರೋಗ್ಯವಂತ ಹೆಣ್ಣಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭಕ್ಕೆ ಮುಂಚೆ ಶುರು ಮಾಡಿ ಮೂರು ತಿಂಗಳು ತುಂಬುವವರೆಗೆ ಇದನ್ನು ತೆಗೆದುಕೊಳ್ಳಬೇಕೆಂದು 2018ರಲ್ಲಿ ಆರಂಭವಾದ ಕೇಂದ್ರ ಸರಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮವೂ ಹೇಳುತ್ತದೆ. ಸಕ್ಕರೆ ಕಾಯಿಲೆ ಇರುವವರು, ಅಪಸ್ಮಾರಕ್ಕೆ ಮಾತ್ರೆ ತಿನ್ನುವವರು, ಮೊದಲ ಮಗುವಿಗೆ ಇಂಥ ದೋಷವಿದ್ದವರು ಇದಕ್ಕಿಂತ ಹೆಚ್ಚು ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಮಾತ್ರೆಯ ಬೆಲೆ ಬಹಳ ಕಡಿಮೆ. ಒಂದು ತಿಂಗಳ ಮಾತ್ರೆಗೆ ಮದುವೆ ಮಂಟಪದ ಒಂದು ಹೂವಿನ ಹಾರದಷ್ಟೂ ಖರ್ಚಾಗುವುದಿಲ್ಲ.

ನಮ್ಮ ಕರಾವಳಿಯ ಅನೇಕ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯಲ್ಲಿ ಬರುತ್ತಾರೆ. ಅಂಥ ಮನೆಗಳ ಸಹೋದರಿಯರಿಗೆ ನಾನು ಹೇಳುವುದಿಷ್ಟು. ಮಗು ಬೇಕೆಂಬ ಆಲೋಚನೆಯಿದ್ದರೆ, ಗಂಡನ ಟಿಕೆಟ್ ಬುಕ್ ಆಯಿತೆಂದು ಫೋನ್ ಬಂದ ದಿನವೇ ಫೋಲಿಕ್ ಆಸಿಡ್ ಶುರು ಮಾಡಿ. ವಿಮಾನ ಇಳಿದ ಮೇಲಲ್ಲ.

ರಕ್ತ ಕಡಿಮೆ ಎಂಬ ಮಾತು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಇದು ಶೇಕಡಾ 47.8. ಅಂದರೆ ಈ ಸಭಾಂಗಣದ ಎಡಭಾಗದಲ್ಲಿ ಕುಳಿತಿರುವ ಸಹೋದರಿಯರಲ್ಲಿ ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು ಎಂದಾಯಿತು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಗರ್ಭಿಣಿಯಲ್ಲದ ಹೆಣ್ಣಿಗೆ ರಕ್ತಹೀನತೆ ಎನ್ನುತ್ತೇವೆ.

ಒಂಬತ್ತು ಹತ್ತು ಇರುವ ಹುಡುಗಿ ಓಡಾಡುತ್ತಾಳೆ, ನಗುತ್ತಾಳೆ, ಮನೆಗೆಲಸ ಮಾಡುತ್ತಾಳೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ಪಾಠದ ಹೊತ್ತಿನಲ್ಲಿ ತೂಕಡಿಕೆ ಬಂದರೆ ಸೋಮಾರಿ ಎಂದು ಬಯ್ಯುತ್ತೇವೆ. ಅದೇ ಹುಡುಗಿ ಗರ್ಭಿಣಿಯಾದಾಗ ಅವಳ ರಕ್ತದಲ್ಲಿ ನೀರಿನಂಶ ಹೆಚ್ಚಾಗುತ್ತದೆ, ಮಗು ತನ್ನ ಪಾಲಿನ ಕಬ್ಬಿಣ ಎಳೆದುಕೊಳ್ಳುತ್ತದೆ, ಹಿಮೋಗ್ಲೋಬಿನ್ ಇನ್ನೂ ಕೆಳಗಿಳಿಯುತ್ತದೆ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. 12 ಇದ್ದವಳು ತಡೆದುಕೊಳ್ಳುವ ಅಷ್ಟೇ ರಕ್ತಸ್ರಾವ 7 ಇದ್ದವಳ ಜೀವಕ್ಕೆ ಕುತ್ತು ತರುತ್ತದೆ. ಏಳನೇ ತಿಂಗಳಲ್ಲಿ ಗಾಬರಿಯಿಂದ ರಕ್ತದ ಬಾಟಲಿಗೆ ಓಡಾಡುವುದಕ್ಕಿಂತ, ಮದುವೆಗೆ ಮೊದಲೇ ಮೂರು ತಿಂಗಳು ಕಬ್ಬಿಣದ ಮಾತ್ರೆ ತಿಂದು ಖಜಾನೆ ತುಂಬಿಸಿಕೊಳ್ಳುವುದು ಸುಲಭ.

ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಕಿಟಕಿಯಿಂದ ಎಸೆಯುವವರು ಇಲ್ಲಿಯೂ ಇದ್ದೀರಿ ಎಂದು ನನಗೆ ಗೊತ್ತು. ಮಲ ಕಪ್ಪಾಗುವುದರಿಂದ ತೊಂದರೆಯಿಲ್ಲ. ಊಟದ ನಂತರ ತಿಂದರೆ ತೊಳಸುವುದು ಕಡಿಮೆಯಾಗುತ್ತದೆ. ಮಾತ್ರೆಯ ಜೊತೆಗಾಗಲಿ ಊಟವಾದ ಕೂಡಲೇ ಆಗಲಿ ಚಹಾ ಕುಡಿಯಬೇಡಿ. ಚಹಾ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬದಲಿಗೆ ಊಟದ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ, ನೆಲ್ಲಿಕಾಯಿ ತಿನ್ನಿ, ಪೇರಳೆ ತಿನ್ನಿ. ಅದು ಕಬ್ಬಿಣ ಸೇರಲು ಸಹಾಯ ಮಾಡುತ್ತದೆ. ಹರಿವೆ, ನುಗ್ಗೆಸೊಪ್ಪು, ಬಸಳೆ, ಹುರುಳಿ, ಅಲಸಂಡೆ, ಮೊಟ್ಟೆ, ಬೂತಾಯಿ ಮೀನು, ಮಾಂಸ ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ಇರುವ ವಸ್ತುಗಳೇ. ತೊಂದರೆ ಇರುವುದು ಬಡಿಸುವ ಕ್ರಮದಲ್ಲಿ. ಗಂಡಸರು, ಮಕ್ಕಳು, ನೆಂಟರು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಹೆಂಗಸರಿಗೆ. ಮೀನಿನ ತುಂಡು ಅಷ್ಟರಲ್ಲಿ ಮುಗಿದಿರುತ್ತದೆ, ಸಾರು ಮಾತ್ರ ಇರುತ್ತದೆ. ಅತ್ತೆಯಂದಿರು ಮನಸ್ಸು ಮಾಡಿದರೆ ಈ ಕ್ರಮವನ್ನು ನಾಳೆಯಿಂದಲೇ ಬದಲಿಸಬಹುದು. ಇದಕ್ಕೆ ಸರಕಾರದ ಯೋಜನೆ ಬೇಕಾಗಿಲ್ಲ.

ಮೈಸೂರಿನ ದಾಖಲೆ, ಮುಂಬಯಿಯ ತಿಂಡಿ

ತಾಯಿಯ ಪೋಷಣೆ ಮಗುವಿನ ಬಾಲ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಹುಡುಕಿ, 517 ಗಂಡಸರು ಹೆಂಗಸರನ್ನು ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ಶೇಕಡಾ 3ರಷ್ಟಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಐವತ್ತನೇ ವಯಸ್ಸಿನ ಎದೆನೋವಿಗೆ ತಾಯಿಯ ಹೊಟ್ಟೆಯಲ್ಲಿ ಕಳೆದ ದಿನಗಳಿಗೂ ಸಂಬಂಧವಿದೆ ಎಂಬುದು ನಮ್ಮ ಮೈಸೂರಿನ ದಾಖಲೆಗಳಿಂದಲೇ ತಿಳಿದುಬಂತು.

ಹಾಗಾದರೆ ಗರ್ಭಕ್ಕೆ ಮೊದಲೇ ಒಳ್ಳೆಯ ಆಹಾರ ಕೊಟ್ಟರೆ ಏನಾಗುತ್ತದೆ? ಮುಂಬಯಿಯ ಕೊಳಗೇರಿಗಳಲ್ಲಿ 2006ರಿಂದ 2012ರವರೆಗೆ 6,500ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಇದನ್ನು ನೋಡಿದರು. ಅರ್ಧದಷ್ಟು ಮಂದಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ. ಉಳಿದವರಿಗೆ ಆಲೂಗಡ್ಡೆ, ಈರುಳ್ಳಿಯಂಥ ತರಕಾರಿಯ ತಿಂಡಿ. ಒಟ್ಟು ಲೆಕ್ಕದಲ್ಲಿ ಮಗುವಿನ ತೂಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಗರ್ಭಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಶುರು ಮಾಡಿದವರ ಮಕ್ಕಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು. ತೀರಾ ತೆಳ್ಳಗಿದ್ದ ತಾಯಂದಿರಲ್ಲಿ ಈ ಲಾಭ ಕಾಣಲಿಲ್ಲ. ಅವರಿಗೆ ಒಂದು ತಿಂಡಿ ಸಾಲದು, ಹೊಟ್ಟೆ ತುಂಬ ಊಟವೇ ಬೇಕು. ಇನ್ನೊಂದು ಫಲ ಇದಕ್ಕಿಂತ ದೊಡ್ಡದು. ಗರ್ಭಕಾಲದ ಸಕ್ಕರೆ ಕಾಯಿಲೆ ಸೊಪ್ಪಿನ ತಿಂಡಿ ತಿಂದವರಲ್ಲಿ ಶೇಕಡಾ 7.3 ಇದ್ದರೆ, ಇತರರಲ್ಲಿ ಶೇಕಡಾ 12.4 ಇತ್ತು.

ದಕ್ಷಿಣ ದೆಹಲಿಯ ಕೆಳ ಮತ್ತು ಮಧ್ಯಮ ವರ್ಗದ ಬಡಾವಣೆಗಳಲ್ಲಿ 13,500 ಹೆಂಗಸರನ್ನು ಸೇರಿಸಿ ನಡೆಸಿದ ಇನ್ನೊಂದು ದೊಡ್ಡ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು. ಅಲ್ಲಿ ಆಹಾರವೊಂದೇ ಅಲ್ಲದೆ ಆರೋಗ್ಯ ತಪಾಸಣೆ, ಶುದ್ಧ ನೀರು, ಶುಚಿತ್ವ, ಮನಸ್ಸಿಗೆ ಆಸರೆ ಇವೆಲ್ಲವನ್ನೂ ಗರ್ಭಕ್ಕೆ ಮೊದಲೇ ಶುರು ಮಾಡಿ ಮಗುವಿನ ಎರಡು ವರ್ಷದವರೆಗೆ ಮುಂದುವರಿಸಿದರು. ಕಡಿಮೆ ತೂಕದ ಮಕ್ಕಳು ಹುಟ್ಟುವುದು ಸುಮಾರು ಕಾಲು ಭಾಗ ಕಡಿಮೆಯಾಯಿತು. ಎರಡು ವರ್ಷದ ಹೊತ್ತಿಗೆ ಕುಬ್ಜರಾಗಿ ಉಳಿಯುವ ಮಕ್ಕಳ ಪ್ರಮಾಣ ಅರ್ಧಕ್ಕೆ ಇಳಿಯಿತು. ಮನಸ್ಸಿಗೆ ಆಸರೆ ಎಂಬ ಮಾತನ್ನು ಗಮನಿಸಿ. ಸೊಸೆಗೆ ಹಾಲಿನ ಲೋಟದ ಜೊತೆ ಒಳ್ಳೆಯ ಮಾತೂ ಬೇಕು.

ತೂಕ, ಸಕ್ಕರೆ, ಥೈರಾಯ್ಡ್

ಒಂದು ಕಾಲದಲ್ಲಿ ನಮ್ಮ ಚಿಂತೆ ತೆಳ್ಳಗಿನ ಹುಡುಗಿಯರ ಬಗ್ಗೆ ಮಾತ್ರ ಇತ್ತು. ಇಂದು ಅದೇ ಬೀದಿಯಲ್ಲಿ ಇನ್ನೊಂದು ಮನೆಯಲ್ಲಿ ದಪ್ಪಗಾಗಿ, ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವ, ಮುಖದಲ್ಲಿ ಮೊಡವೆ, ಗಲ್ಲದಲ್ಲಿ ಕೂದಲು ಬರುವ ಹುಡುಗಿಯಿದ್ದಾಳೆ. ಇದನ್ನು ಪಿಸಿಓಎಸ್ ಎನ್ನುತ್ತಾರೆ. ಮಕ್ಕಳನ್ನು ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 6ರಿಂದ 13 ಮಂದಿಗೆ ಇದು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲಿ ಅಂಡಾಣು ಸಮಯಕ್ಕೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ತೂಕ ಹೆಚ್ಚಿದ್ದವರು ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ಸರಿಹೋಗುತ್ತದೆ. 80 ಕಿಲೋ ಇದ್ದವರು 40 ಕಿಲೋ ಆಗಬೇಕೆಂದು ಯಾರೂ ಹೇಳುವುದಿಲ್ಲ, ನಾಲ್ಕು ಕಿಲೋ ಇಳಿಸಿದರೂ ದೊಡ್ಡ ಹೆಜ್ಜೆಯೇ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಮೈದಾ, ಬೇಕರಿ, ಸಿಹಿ ಪಾನೀಯಗಳಲ್ಲಿ ಮಿತಿ, ರಾತ್ರಿ ಸಮಯಕ್ಕೆ ನಿದ್ರೆ. ಹೆಣ್ಣುಮಕ್ಕಳು ನಡೆಯಲು ಜಾಗವೆಲ್ಲಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸಂಘದ ಶಾಲೆಯ ಮೈದಾನವನ್ನು ಸಂಜೆ ಒಂದು ಗಂಟೆ ಹೆಂಗಸರಿಗಾಗಿ ಬಿಟ್ಟುಕೊಡಬಹುದೇ ಎಂದು ಪದಾಧಿಕಾರಿಗಳು ಆಲೋಚಿಸಬೇಕೆಂದು ಕೋರುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜೀವನಕ್ರಮ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಬಂಜೆತನದ ಚಿಕಿತ್ಸೆ ಬೇಕಿದ್ದ ದಪ್ಪ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ತೂಕ ಇಳಿಸುವ ಕಾರ್ಯಕ್ರಮ, ಆಮೇಲೆ ಚಿಕಿತ್ಸೆ. ಇನ್ನೊಂದಕ್ಕೆ ನೇರ ಚಿಕಿತ್ಸೆ. 2016ರಲ್ಲಿ ಬಂದ ಫಲದ ಪ್ರಕಾರ ತೂಕ ಇಳಿಸಿದ ಗುಂಪಿನಲ್ಲಿ ಚಿಕಿತ್ಸೆಯಿಲ್ಲದೆ ತಾನಾಗಿ ಗರ್ಭ ನಿಂತವರು ಶೇಕಡಾ 26, ಇನ್ನೊಂದರಲ್ಲಿ ಶೇಕಡಾ 16. ಆದರೆ ಎರಡು ವರ್ಷದೊಳಗೆ ದಿನ ತುಂಬಿ, ಸಹಜ ಹೆರಿಗೆಯಾಗಿ, ಆರೋಗ್ಯವಂತ ಮಗು ಪಡೆದವರ ಲೆಕ್ಕ ತೆಗೆದರೆ ನೇರ ಚಿಕಿತ್ಸೆ ಪಡೆದ ಗುಂಪೇ ಮುಂದಿತ್ತು. ಆದ್ದರಿಂದ ಇಪ್ಪತ್ತೈದರ ಹುಡುಗಿಗೆ ಆರು ತಿಂಗಳು ಕಾದು ನೋಡಮ್ಮ ಎಂದು ಹೇಳಬಹುದು. ಮೂವತ್ತೈದು ದಾಟಿದವರು ತೂಕದ ನೆಪದಲ್ಲಿ ವೈದ್ಯರ ಭೇಟಿಯನ್ನು ಮುಂದೂಡಬಾರದು.

ಸಕ್ಕರೆ ಕಾಯಿಲೆ ಇಂದು ವಯಸ್ಸಾದವರ ಕಾಯಿಲೆಯಾಗಿ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಆಗ ತಾಯಿಯ ರಕ್ತದಲ್ಲಿ ಸಕ್ಕರೆ ಮಿತಿಮೀರಿದ್ದರೆ ಗರ್ಭಪಾತ ಮತ್ತು ಅಂಗದೋಷಗಳ ಸಂಭವ ಹೆಚ್ಚುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ 6.5ರ ಒಳಗೆ ಬಂದ ಮೇಲೆ ಗರ್ಭಕ್ಕೆ ಸಿದ್ಧರಾಗುವುದು ಕ್ಷೇಮ. 10 ದಾಟಿದ್ದರೆ ಅಷ್ಟರವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಥೈರಾಯ್ಡ್ ಕಡಿಮೆಯಿದ್ದರೂ ಮುಟ್ಟು ಏರುಪೇರಾಗುತ್ತದೆ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ, ನಿಂತರೆ ಮಗುವಿನ ಮೆದುಳಿನ ಬೆಳವಣಿಗೆಗೆ ತೊಡಕಾಗುತ್ತದೆ. ಒಂದು ರಕ್ತ ಪರೀಕ್ಷೆ, ದಿನಕ್ಕೊಂದು ಮಾತ್ರೆ. ಗರ್ಭ ನಿಂತಿತೆಂದು ಆ ಮಾತ್ರೆಯನ್ನು ನಿಲ್ಲಿಸುವವರಿದ್ದಾರೆ. ನಿಲ್ಲಿಸಬಾರದು, ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.

ಕೆಲವು ಮಾತ್ರೆಗಳನ್ನು ಮಾತ್ರ ಮೊದಲೇ ಬದಲಿಸಬೇಕು. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ಅಪಸ್ಮಾರಕ್ಕೆ ಕೊಡುವ ಸೋಡಿಯಂ ವಾಲ್‌ಪ್ರೋಯೇಟ್, ರಕ್ತದೊತ್ತಡದ ಕೆಲವು ಔಷಧಗಳು ಮಗುವಿಗೆ ಹಾನಿಕರ. ಹಾಗೆಂದು ಅಪಸ್ಮಾರದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮಗು ಬೇಕೆಂದಿದ್ದೇವೆ ಎಂದು ವೈದ್ಯರಿಗೆ ಮೊದಲೇ ಹೇಳಿ ಬದಲಿ ಔಷಧ ಬರೆಸಿಕೊಳ್ಳಬೇಕು.

ಗಂಡಸರ ಪಾಲು

ಈಗ ಬಲಭಾಗದಲ್ಲಿ ಕುಳಿತಿರುವ ಸಹೋದರರ ಕಡೆಗೆ ತಿರುಗುತ್ತೇನೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಕೆಲವೆಡೆ ಅದೊಂದೇ, ಕೆಲವೆಡೆ ಹೆಣ್ಣಿನ ಕಾರಣದ ಜೊತೆಗೆ. ಆದರೆ ಮನೆಯಲ್ಲಿ ಮಾತು ಕೇಳಬೇಕಾದವಳು ಒಬ್ಬಳೇ. ಅವಳಿಗೆ ಸ್ಕ್ಯಾನಿಂಗ್, ಅವಳಿಗೆ ಚುಚ್ಚುಮದ್ದು, ಅವಳಿಗೆ ಕಷಾಯ, ಕೊನೆಗೆ ಅವಳನ್ನು ತವರಿಗೆ ಕಳಿಸುವ ಮಾತು. ಗಂಡನ ವೀರ್ಯ ಪರೀಕ್ಷೆ ಇವೆಲ್ಲಕ್ಕಿಂತ ಸುಲಭ, ಅಗ್ಗ, ನೋವಿಲ್ಲದ ಪರೀಕ್ಷೆ. ಅದನ್ನು ಮೊದಲು ಮಾಡಿಸಬೇಕು. ಹೆಂಡತಿಗೆ ಎರಡು ವರ್ಷ ಔಷಧ ಕೊಡಿಸಿದ ಮೇಲೆ ತನ್ನ ಪರೀಕ್ಷೆಗೆ ಒಪ್ಪುವ ಗಂಡ ಆ ಎರಡು ವರ್ಷವನ್ನು ಅವಳಿಗೆ ಹಿಂದಿರುಗಿಸಲಾರ.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಪಕ್ವವಾಗಿ ಹೊರಬರಲು ಇನ್ನೂ ಎರಡು ವಾರ. ಒಟ್ಟು ಮೂರು ತಿಂಗಳು. ಇಂದು ಸಿಗರೇಟು ಬಿಟ್ಟರೆ ಅದರ ಫಲ ಮೂರು ತಿಂಗಳ ನಂತರ. ಮೂರು ತಿಂಗಳೆಂದು ನಾನು ಹೇಳುವ ಲೆಕ್ಕ ಗಂಡಸರಿಗೂ ಅಷ್ಟೇ ಅನ್ವಯಿಸುತ್ತದೆ. ನಮ್ಮಲ್ಲಿ ಮದ್ಯವಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಸಿಗರೇಟು, ಬೀಡಿ, ಗುಟ್ಕಾದ ಲೆಕ್ಕ ಇಡುವುದಿಲ್ಲ. 2013ರಲ್ಲಿಯೇ ಕರ್ನಾಟಕ ಸರಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಪೊಟ್ಟಣ ಮತ್ತು ತಂಬಾಕಿನ ಪೊಟ್ಟಣ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸುವ ಜಾಣತನವನ್ನು ನಮ್ಮ ಹುಡುಗರು ಕಲಿತರು. ತಂಬಾಕು ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಕುಗ್ಗಿಸುತ್ತದೆ. ಗರ್ಭಿಣಿ ಹೆಂಡತಿಯ ಪಕ್ಕದಲ್ಲಿ ಕುಳಿತು ಸೇದಿದರೆ ಆ ಹೊಗೆ ಮಗುವಿಗೂ ಮುಟ್ಟುತ್ತದೆ.

ವೃಷಣಗಳಿಗೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಬೇಕರಿಯ ಒಲೆಯ ಮುಂದೆ, ವೆಲ್ಡಿಂಗ್ ಕೆಲಸದಲ್ಲಿ, ಲಾರಿಯ ಎಂಜಿನ್ ಪಕ್ಕ ಗಂಟೆಗಟ್ಟಲೆ ಕೂರುವವರು ನಡುನಡುವೆ ಎದ್ದು ಗಾಳಿಗೆ ಬರಬೇಕು, ಬಿಗಿಯಾದ ಉಡುಪು ಬಿಡಬೇಕು. ಜಿಮ್‌ಗೆ ಹೋಗುವ ತರುಣರಿಗೆ ವಿಶೇಷವಾಗಿ ಹೇಳುತ್ತೇನೆ. ಮೈಕಟ್ಟು ಬೆಳೆಸಲು ಕೊಡುವ ಟೆಸ್ಟೋಸ್ಟೆರೋನ್ ಮತ್ತು ಸ್ಟಿರಾಯ್ಡ್ ಚುಚ್ಚುಮದ್ದುಗಳು ದೇಹದ ಸ್ವಂತ ಕಾರ್ಖಾನೆಗೆ ಬೀಗ ಹಾಕುತ್ತವೆ. ತೋಳು ದಪ್ಪಗಾಗುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ಹಲವು ತಿಂಗಳು, ಕೆಲವರಿಗೆ ವರ್ಷಗಳೇ ಬೇಕು.

ಕೊಲ್ಲಿಯಲ್ಲಿ ದುಡಿಯುವವರ ಬಗ್ಗೆ ಮತ್ತೆ ಒಂದು ಮಾತು. ಒಂದು ವರ್ಷ ಜೊತೆಗಿದ್ದು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಮಾತ್ರ ಬಂಜೆತನ ಎಂಬ ಪದವನ್ನು ವೈದ್ಯಶಾಸ್ತ್ರ ಬಳಸುತ್ತದೆ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ತಪಾಸಣೆ ಶುರು ಮಾಡಬೇಕು. ವರ್ಷಕ್ಕೆ 40 ದಿನದ ರಜೆಯಂತೆ ಮೂರು ವರ್ಷ ಎಂದರೆ ಅವರು ಜೊತೆಗಿದ್ದದ್ದು 120 ದಿನ, ಅಂದರೆ ನಾಲ್ಕೇ ತಿಂಗಳು. ಒಂದು ಮುಟ್ಟಿನ ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. 28 ದಿನಕ್ಕೆ ಮುಟ್ಟಾಗುವವರಲ್ಲಿ ಇದು ಹೆಚ್ಚು ಕಡಿಮೆ ಒಂಬತ್ತನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಬರುತ್ತದೆ. ಈ ಸಣ್ಣ ಲೆಕ್ಕ ತಿಳಿಯದೆ, ಮದುವೆಯಾಗಿ ಮೂರು ವರ್ಷವಾಯಿತು, ಸೊಸೆಗೆ ಮಕ್ಕಳಾಗಲಿಲ್ಲ ಎಂದು ಊರಿಡೀ ಹೇಳಿಕೊಂಡು ಬರುವುದು ದೊಡ್ಡ ಅನ್ಯಾಯ.

ಬೀಡಿಯ ಮೊರ ಮತ್ತು ಅಡುಗೆಮನೆ

ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಫೀಸು ತಾಯಿ ಕಟ್ಟಿದ ಬೀಡಿಯಿಂದ ಬಂದದ್ದು. ಆ ದುಡಿಮೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ತಂಬಾಕಿನ ಧೂಳು ಉಸಿರಿನಿಂದಲೂ, ನಿಕೋಟಿನ್ ಬೆರಳಿನ ಚರ್ಮದಿಂದಲೂ ದೇಹ ಸೇರುತ್ತದೆ ಎಂಬುದು ತಿಳಿದಿರಲಿ. ಮಗು ಬೇಕೆಂದಿರುವವರು, ಗರ್ಭಿಣಿಯರು ಸಾಧ್ಯವಾದಷ್ಟು ದಿನ ಇದರಿಂದ ದೂರವಿರುವುದು ಒಳ್ಳೆಯದು. ಬಿಡಲು ಆಗದಿದ್ದರೆ ಗಾಳಿಯಾಡುವ ಜಗಲಿಯಲ್ಲಿ ಕುಳಿತು ಕಟ್ಟಿ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ, ಮಲಗುವ ಕೋಣೆಯಲ್ಲಿ ತಂಬಾಕು ಇಡಬೇಡಿ.

ವಯಸ್ಸು ಮತ್ತು ಓದು

18 ತುಂಬದ ಹುಡುಗಿಗೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಅವಳ ದೇಹಕ್ಕೂ ವಿರುದ್ಧ. ತಾನೇ ಬೆಳೆಯುತ್ತಿರುವ ದೇಹ ಇನ್ನೊಂದು ದೇಹವನ್ನು ಬೆಳೆಸಬೇಕಾದಾಗ ಇಬ್ಬರಿಗೂ ಕೊರತೆ. ಪದವಿ ಮುಗಿಸಿ ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಮದುವೆಯಾದರೆ ಮಕ್ಕಳಾಗುವುದಿಲ್ಲ ಎಂದು ಹೆದರಿಸುವವರ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಮೂವತ್ತೈದರ ನಂತರ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಇಳಿಯುತ್ತವೆ ಎಂಬುದು ನಿಜ. ಇವೆರಡರ ನಡುವೆ ಓದಿಗೂ ಸಂಸಾರಕ್ಕೂ ಸಾಕಷ್ಟು ವರ್ಷಗಳಿವೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷದ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರಿದಾದ ಕಬ್ಬಿಣದ ಖಜಾನೆ ಮತ್ತೆ ತುಂಬಲು ಅಷ್ಟು ಸಮಯ ಬೇಕು.

ಮದುವೆ ನಿಶ್ಚಯವಾದಾಗ ಮಾಡಿಸಬೇಕಾದ ಪರೀಕ್ಷೆಗಳು ಹೆಚ್ಚೇನಿಲ್ಲ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ, ತೂಕ. ಥಲಸ್ಸೀಮಿಯಾ ಇದೆಯೇ ಎಂಬ ಪರೀಕ್ಷೆ, ವಿಶೇಷವಾಗಿ ನೆಂಟಸ್ತಿಕೆಯಲ್ಲೇ ಸಂಬಂಧ ಬೆಳೆಸುವವರಿಗೆ. ಮಾವನ ಮಗಳು, ಅತ್ತೆಯ ಮಗ ಎಂಬ ಮದುವೆಗಳು ದಕ್ಷಿಣ ಭಾರತದ ಹಲವು ಸಮುದಾಯಗಳಲ್ಲಿ ಇವೆ. ಅಂಥ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹುಟ್ಟುದೋಷದ ಸಂಭವ ನೂರಕ್ಕೆ ಸುಮಾರು 3ರಿಂದ 6ಕ್ಕೆ ಏರುತ್ತದೆ ಎಂದು ಬ್ರಿಟನ್ನಿನ ಬ್ರಾಡ್‌ಫರ್ಡ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕುಟುಂಬದಲ್ಲಿ ಮೊದಲೇ ಅಂಥ ಮಗು ಹುಟ್ಟಿದ್ದರೆ ಮುಂಚಿತವಾಗಿ ವೈದ್ಯರ ಸಲಹೆ ಪಡೆಯಬೇಕು.

ರುಬೆಲ್ಲಾ ಲಸಿಕೆಯ ಬಗ್ಗೆಯೂ ವಿಚಾರಿಸಿಕೊಳ್ಳಿ. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಜ್ವರ ಬಂದರೆ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ 15 ವರ್ಷದ ಒಳಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆ ಹಾಕಿದರು. ಆಗ ಊಹಾಪೋಹಗಳಿಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರೂ ಇದ್ದರು. ಅಂದು ತಪ್ಪಿಸಿಕೊಂಡ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಲಸಿಕೆ ಹಾಕಿಸಿಕೊಳ್ಳಬೇಕು. ಗರ್ಭಿಣಿಯಾದ ಮೇಲೆ ಅದನ್ನು ಹಾಕುವಂತಿಲ್ಲ.

ಕೊನೆಯದಾಗಿ, ಎಲ್ಲವನ್ನೂ ಪಾಲಿಸಿದರೂ ಕೆಲವರಿಗೆ ಗರ್ಭಪಾತವಾಗುತ್ತದೆ, ಕೆಲವರಿಗೆ ಮಕ್ಕಳಾಗುವುದಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಬಂಜೆತನದ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಂಥವರ ಎದುರು ನಾನು ಇಂದು ಹೇಳಿದ್ದನ್ನು ಹಿಡಿದುಕೊಂಡು, ನೀನು ಅದು ತಿನ್ನಲಿಲ್ಲ, ಇದು ಮಾಡಲಿಲ್ಲ ಎಂದು ಯಾರೂ ಚುಚ್ಚಬಾರದು. ಈ ತಿಳುವಳಿಕೆ ಇರುವುದು ಮುಂದಿನ ಹೆಜ್ಜೆ ಇಡುವವರಿಗೆ ಬೆಳಕಾಗಲು, ಎಡವಿದವರನ್ನು ದೂರಲು ಅಲ್ಲ.

ಸಂಘದವರು ವಿದ್ಯಾರ್ಥಿವೇತನ ಕೊಡುತ್ತೀರಿ, ಪುಸ್ತಕ ಕೊಡುತ್ತೀರಿ. ಅದರ ಜೊತೆ ವರ್ಷಕ್ಕೊಮ್ಮೆ ಕಾಲೇಜು ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಇಟ್ಟುಕೊಳ್ಳಿ. ಓದುವ ಹುಡುಗಿಯ ಮೈಯಲ್ಲಿ ರಕ್ತವಿದ್ದರೆ ಅವಳ ಓದೂ ಚೆನ್ನಾಗಿರುತ್ತದೆ, ನಾಳೆ ಅವಳ ಮಡಿಲಿನ ಮಗುವೂ ಚೆನ್ನಾಗಿರುತ್ತದೆ.